ಟ್ರ್ಯಾಕ್‌ಗೆ ಕಾರು ಇಳಿಸುವ ಮುನ್ನ ವಿಮೆ ಮಾಡಿಸುವುದು ಹೇಗೆ?

ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸಲು ಹೊರಟಿದ್ದೀರಿ. ಹೆಲ್ಮೆಟ್ ಕೊಂಡಾಯ್ತು, ಬ್ರೇಕ್ ಪ್ಯಾಡ್ ಬದಲಾಯಿಸಿದ್ದಾಯ್ತು, ಟೈರಿನ ಗಾಳಿ ನೋಡಿದ್ದೂ ಆಯ್ತು. ವಿಮೆ? 'ಕಾರಿಗೆ ಫುಲ್ ಇನ್ಶೂರೆನ್ಸ್ ಇದೆಯಲ್ಲ' ಎಂದು ಎಷ್ಟೋ ಜನ ಸುಮ್ಮನಾಗುತ್ತಾರೆ. ಆದರೆ ಅದು ರಸ್ತೆಯ ವಿಮೆ. ಟ್ರ್ಯಾಕಿನ ಗೇಟು ದಾಟಿದ ಮೇಲೂ ಜೊತೆಗಿರುತ್ತದೆ ಎಂದುಕೊಳ್ಳಬೇಡಿ.

ಮೊದಲು ಈಗಿನ ಪಾಲಿಸಿ ತೆಗೆದು, ಯಾವುದಕ್ಕೆ ಹಣ ಕೊಡುವುದಿಲ್ಲ ಎಂದು ಬರೆದಿರುವ ಪುಟ ಓದಿ. ಕೆಲವದರಲ್ಲಿ 'ರೇಸ್, ವೇಗ ಪರೀಕ್ಷೆ' ಎಂದಷ್ಟೇ ಇರುತ್ತದೆ. ನಾನು ರೇಸ್ ಮಾಡಲಿಲ್ಲ, ಓಡಿಸಲು ಕಲಿಯುತ್ತಿದ್ದೆ ಎಂದು ವಾದಿಸಲು ಅಲ್ಲಿ ಸ್ವಲ್ಪ ಜಾಗವಿದೆ. ಇನ್ನು ಕೆಲವದರಲ್ಲಿ 'ರೇಸ್‌ಗೆಂದು ಕಟ್ಟಿದ ಯಾವುದೇ ಜಾಗ' ಎಂದಿರುತ್ತದೆ. ಅಲ್ಲಿಗೆ ವಾದ ಮುಗಿಯಿತು. ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನ 20.8 ಕಿ.ಮೀ. ಉದ್ದದ ನಾರ್ಡ್‌ಶ್ಲೈಫೆ ಟ್ರ್ಯಾಕನ್ನೇ ನೋಡಿ. ಸಾರ್ವಜನಿಕರಿಗೆ ತೆರೆದ ದಿನ ಅದು ಕಾನೂನಿನ ಪ್ರಕಾರ ಟೋಲ್ ರಸ್ತೆ. ಆದರೂ ಅದರ ಹೆಸರು ಹಾಕಿಯೇ ಹೊರಗಿಟ್ಟಿರುವ ಪಾಲಿಸಿಗಳಿವೆ. ಅನುಮಾನವಿದ್ದರೆ ಕಂಪನಿಗೆ ಇಮೇಲ್ ಮಾಡಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. 'ಏನೂ ಆಗಲ್ಲ ಬಿಡಿ' ಎಂಬ ಫೋನ್ ಮಾತು ಕ್ಲೇಮಿನ ಹೊತ್ತಿಗೆ ನೆಲೆಗೆ ನಿಲ್ಲುವುದಿಲ್ಲ.

ಆಮೇಲೆ ಟ್ರ್ಯಾಕ್ ದಿನದ, ಅಂದರೆ ಸ್ವಂತ ಕಾರನ್ನು ಟ್ರ್ಯಾಕಿನಲ್ಲಿ ಓಡಿಸಲು ಬಿಡುವ ದಿನದ, ವಿಮೆ ಹುಡುಕಿ. ಒಂದು ದಿನಕ್ಕೂ ಸಿಗುತ್ತದೆ, ವರ್ಷಕ್ಕೂ ಸಿಗುತ್ತದೆ. ವರ್ಷಕ್ಕೆ ಒಂದೆರಡು ಸಲ ಹೋಗುವವರಿಗೆ ದಿನದ ಲೆಕ್ಕವೇ ಸಾಕು. ಗಡಿಯಾರ ಹಿಡಿದು ಸ್ಪರ್ಧೆ ನಡೆಸುವ ಕಾರ್ಯಕ್ರಮಕ್ಕೆ ಸಾಮಾನ್ಯವಾಗಿ ಇದು ಅನ್ವಯಿಸುವುದಿಲ್ಲ. ಹಾಗಾಗಿ ಅಲ್ಲಿ ಏನು ನಡೆಯುತ್ತದೆ ಎಂದು ಸಂಘಟಕರನ್ನು ಕೇಳಿಕೊಂಡೇ ಅರ್ಜಿ ತುಂಬಿ. ನಿಮ್ಮ ಕಾರನ್ನು ತರಬೇತುದಾರರೋ ಗೆಳೆಯರೋ ಓಡಿಸುವುದಿದ್ದರೆ ಅವರ ಹೆಸರೂ ಪಾಲಿಸಿಯಲ್ಲಿರಲಿ.

ಕಾರಿನ ಬೆಲೆಯನ್ನು ನೀವು ಮತ್ತು ಕಂಪನಿ ಮೊದಲೇ ಒಪ್ಪಿಕೊಳ್ಳುವ ಪದ್ಧತಿ ಈ ವಿಮೆಯಲ್ಲಿ ಜಾಸ್ತಿ. ಸಸ್ಪೆನ್ಷನ್, ಸೀಟು, ಚಕ್ರ ಬದಲಾಯಿಸಿದ್ದರೆ ಅದನ್ನೂ ಸೇರಿಸಿ, ಬಿಲ್ಲುಗಳನ್ನು ಎತ್ತಿಡಿ. ಪ್ರೀಮಿಯಂ ಉಳಿಸಲು ಬೆಲೆ ಕಡಿಮೆ ಹೇಳಿದರೆ ಕಾರು ಪೂರ್ತಿ ಹೋದ ದಿನ ನಷ್ಟ ನಿಮ್ಮದೇ.

ಎಲ್ಲರೂ ಎಡವುವುದು ಡಿಡಕ್ಟಿಬಲ್‌ನಲ್ಲಿ, ಅಂದರೆ ನಿಮ್ಮ ಜೇಬಿನಿಂದ ಹೋಗುವ ಪಾಲಿನಲ್ಲಿ. ಎಷ್ಟೋ ಪಾಲಿಸಿಗಳಲ್ಲಿ ಇದು ರಿಪೇರಿ ಬಿಲ್ಲಿನ ಮೇಲಲ್ಲ, ಕಾರಿನ ಒಪ್ಪಿದ ಬೆಲೆಯ ಮೇಲೆ ಲೆಕ್ಕವಾಗುತ್ತದೆ. ಕಾರಿನ ಬೆಲೆ 100, ಡಿಡಕ್ಟಿಬಲ್ ಶೇ 10 ಎಂದಿಟ್ಟುಕೊಳ್ಳಿ. ರಿಪೇರಿಗೆ 8 ಆದರೆ ಪೂರಾ ನಿಮ್ಮದೇ ಖರ್ಚು. 12 ಆದರೆ ಕಂಪನಿ ಕೊಡುವುದು ಬರೀ 2. ಬಂಪರ್ ಒಡೆದದ್ದಕ್ಕೆ, ಬಣ್ಣ ಕಿತ್ತದ್ದಕ್ಕೆ ಈ ವಿಮೆ ನೆಚ್ಚಿಕೊಂಡರೆ ಬೇಸರವಾಗುತ್ತದೆ. ಕಾರು ಗೋಡೆಗೆ ಬಡಿದು ಗುಜರಿಗೆ ಹೋಗುವ ದಿನಕ್ಕಾಗಿ ಇರುವುದು ಇದು. ನನ್ನನ್ನು ಕೇಳಿದರೆ, ಆ ನಷ್ಟ ತಡೆದುಕೊಳ್ಳುವಷ್ಟು ಹಣ ಕೈಯಲ್ಲಿರುವವರು, ಹಳೇ ಅಗ್ಗದ ಕಾರು ಓಡಿಸುವವರು ಇದನ್ನು ಬಿಟ್ಟರೂ ನಡೆಯುತ್ತದೆ. ಸಾಲದ ಕಂತು ಬಾಕಿ ಇರುವವರು ಬಿಡಲೇಬಾರದು.

ಎಂಜಿನ್ ಸೀಜ್ ಆದರೆ, ಗೇರ್ ತಪ್ಪಾಗಿ ಬಿದ್ದು ಒಳಗೆ ಒಡೆದರೆ, ಟೈರ್ ಸವೆದರೆ ಹಣ ಬರುವುದಿಲ್ಲ. ಇನ್ನೊಬ್ಬರ ಕಾರಿಗೆ, ಜನರಿಗೆ ಆದ ಹಾನಿಯೂ ಸಾಮಾನ್ಯವಾಗಿ ಇದರಲ್ಲಿ ಸೇರಿರುವುದಿಲ್ಲ, ಬೇರೆ ಕೇಳಬೇಕು. ತಡೆಬೇಲಿ ಮುರಿದರೆ, ಎಣ್ಣೆ ಚೆಲ್ಲಿದರೆ ಟ್ರ್ಯಾಕಿನವರು ನಿಮಗೇ ಬಿಲ್ ಕಳಿಸಬಹುದು. ಅದನ್ನು ಯಾರು ಕಟ್ಟಬೇಕು? ಪ್ರೀಮಿಯಂ ಕಟ್ಟುವ ಮೊದಲೇ ಕೇಳಿ. ಕಾರನ್ನು ಟ್ರೇಲರ್‌ನಲ್ಲಿ ಒಯ್ಯುವುದಾದರೆ ದಾರಿಯ ಹೊಣೆ ಯಾರದು ಎಂಬುದನ್ನೂ.

ಇದನ್ನೆಲ್ಲ ಅದೇ ದಿನ ಬೆಳಿಗ್ಗೆಗೆ ಇಟ್ಟುಕೊಳ್ಳಬೇಡಿ, ಒಂದು ವಾರ ಮೊದಲೇ ಮುಗಿಸಿ. ಪಾಲಿಸಿಯಲ್ಲಿರುವ ದಿನಾಂಕ, ಟ್ರ್ಯಾಕಿನ ಹೆಸರು, ಕಾರಿನ ಚಾಸಿ ನಂಬರ್ ಸರಿಯಿದೆಯೇ ನೋಡಿ. ಕಾರ್ಯಕ್ರಮ ಮಳೆಗೆ ಮುಂದೂಡಿದರೆ ಕಂಪನಿಗೆ ತಿಳಿಸಿ ದಿನಾಂಕ ಬದಲಿಸಿಕೊಳ್ಳಿ. ಟ್ರ್ಯಾಕಿಗೆ ಇಳಿಯುವ ಮುಂಚೆ ಕಾರಿನ ನಾಲ್ಕೂ ಬದಿಯ ಫೋಟೊ ತೆಗೆದಿಡಿ. ಅಪಘಾತವಾದರೆ ಸಂಘಟಕರಿಂದ ವರದಿ ಬರೆಸಿಕೊಂಡು ಅಂದೇ ಕಂಪನಿಗೆ ತಿಳಿಸಿ. ಅವರು ಬಂದು ನೋಡುವ ತನಕ ಗ್ಯಾರೇಜಿನವರಿಗೆ ಕಾರು ಬಿಚ್ಚಲು ಬಿಡಬೇಡಿ.