ಡ್ರೈವರ್ ಅಪ್‌ಡೇಟ್: ಯಾವುದಕ್ಕೆ ಬೇಕು, ಹೇಗೆ ಮಾಡುವುದು?

ನಿನ್ನೆಯವರೆಗೆ ಸರಿಯಿದ್ದ ಪ್ರಿಂಟರನ್ನು ಕಂಪ್ಯೂಟರ್ ಇವತ್ತು ಗುರುತಿಸುತ್ತಿಲ್ಲ. ವಿಡಿಯೊ ಓಡುತ್ತದೆ, ಧ್ವನಿಯೇ ಇಲ್ಲ. ಇಂಥ ಹೊತ್ತಿನಲ್ಲಿ ಯಂತ್ರವೇ ಕೆಟ್ಟಿತೆಂದು ತೀರ್ಮಾನಿಸುವ ಮೊದಲು ಡ್ರೈವರ್ ನೋಡಿ. ವಿಂಡೋಸ್ ಹೇಳಿದ ಕೆಲಸವನ್ನು ಆಯಾ ಬಿಡಿಭಾಗದಿಂದ ಮಾಡಿಸುವ ತಂತ್ರಾಂಶವೇ ಡ್ರೈವರ್.

ಹಾಗೆಂದು ಎಲ್ಲ ಡ್ರೈವರ್‌ಗಳನ್ನೂ ಹೊಸದಾಗಿಸುತ್ತಾ ಕೂರಬೇಕಿಲ್ಲ. ತೊಂದರೆ ಕೊಡುತ್ತಿರುವುದು, ಭದ್ರತಾ ದೋಷ ಸರಿಪಡಿಸಿರುವುದು, ಗೇಮ್ ಆಡುವವರಾದರೆ ಗ್ರಾಫಿಕ್ಸ್‌ನದು, ಇಷ್ಟು ಸಾಕು. ಕೀಬೋರ್ಡ್, ಮೌಸ್ ನೆಟ್ಟಗೆ ಕೆಲಸ ಮಾಡುತ್ತಿದ್ದರೆ ಅವುಗಳ ತಂಟೆಗೆ ಹೋಗಬೇಡಿ.

ಮೊದಲು ರಿಸ್ಟೋರ್ ಪಾಯಿಂಟ್

ಸ್ಟಾರ್ಟ್‌ನಲ್ಲಿ 'ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್' ಎಂದು ಹುಡುಕಿ ತೆರೆಯಿರಿ. ಸಿ ಡ್ರೈವ್‌ನ ಮುಂದೆ ಪ್ರೊಟೆಕ್ಷನ್ 'ಆಫ್' ಎಂದಿದ್ದರೆ 'ಕಾನ್ಫಿಗರ್' ಒತ್ತಿ ಆನ್ ಮಾಡಿ, ಆಮೇಲೆ 'ಕ್ರಿಯೇಟ್' ಒತ್ತಿ. ಏನಾದರೂ ಎಡವಟ್ಟಾದರೆ ಈ ಸ್ಥಿತಿಗೆ ಮರಳಬಹುದು. ನಿಮ್ಮ ಫೋಟೊ, ಕಡತಗಳಿಗೆ ಏನೂ ಆಗುವುದಿಲ್ಲ. ಎರಡು ನಿಮಿಷದ ಈ ಕೆಲಸವನ್ನು ದಯವಿಟ್ಟು ಬಿಡಬೇಡಿ.

ಯಾವುದು ಹಳತು?

ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ 'ಡಿವೈಸ್ ಮ್ಯಾನೇಜರ್' ತೆರೆಯಿರಿ. ಹಳದಿ ತ್ರಿಕೋನ ಕಂಡಲ್ಲಿ ಸಮಸ್ಯೆಯಿದೆ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ ತೆರೆಯುವ ಪ್ರಾಪರ್ಟೀಸ್‌ನಲ್ಲಿ 'ಕೋಡ್ 28' ಎಂದಿದ್ದರೆ ಡ್ರೈವರ್ ಹಾಕಿಯೇ ಇಲ್ಲ ಎಂದರ್ಥ. 'ಅನ್‌ನೋನ್ ಡಿವೈಸ್' ಎಂದಷ್ಟೇ ಕಂಡರೆ 'ಡೀಟೇಲ್ಸ್' ಟ್ಯಾಬ್‌ನಲ್ಲಿ 'ಹಾರ್ಡ್‌ವೇರ್ ಐಡಿಸ್' ಆರಿಸಿ. ಅಲ್ಲಿ 'ವಿಇಎನ್' ಅಕ್ಷರಗಳ ಮುಂದೆ 8086 ಇದ್ದರೆ ಅದು ಇಂಟೆಲ್‌ನದು, 1002 ಇದ್ದರೆ ಎಎಂಡಿ, 10ಡಿಇ ಇದ್ದರೆ ಎನ್‌ವಿಡಿಯಾ.

'ಡ್ರೈವರ್' ಟ್ಯಾಬ್‌ನಲ್ಲಿ ದಿನಾಂಕ, ಆವೃತ್ತಿ ಎರಡೂ ಇರುತ್ತವೆ. ದಿನಾಂಕ ನೋಡಿ ಗಾಬರಿಯಾಗಬೇಡಿ. ವಿಂಡೋಸ್ ಜೊತೆಗೇ ಬರುವ ಮೈಕ್ರೋಸಾಫ್ಟ್ ಡ್ರೈವರ್‌ಗಳಲ್ಲಿ ಹಲವಕ್ಕೆ 21 ಜೂನ್ 2006 ಎಂದೇ ಇರುತ್ತದೆ. ತಯಾರಕರ ಡ್ರೈವರ್ ಬಂದರೆ ಅದಕ್ಕೇ ಆದ್ಯತೆ ಸಿಗಲೆಂದು ಬೇಕೆಂದೇ ಹಾಕಿದ ಹಳೆಯ ದಿನಾಂಕ ಅದು. ಇಂಟೆಲ್‌ನ ಕೆಲವು ಚಿಪ್‌ಸೆಟ್ ಡ್ರೈವರ್‌ಗಳಲ್ಲಂತೂ 18 ಜುಲೈ 1968, ಅಂದರೆ ಕಂಪನಿ ಹುಟ್ಟಿದ ದಿನವೇ ಇದೆ! ಹೋಲಿಸಬೇಕಾದದ್ದು ಆವೃತ್ತಿಯ ಸಂಖ್ಯೆಯನ್ನು.

ಎಲ್ಲಿಂದ ತರುವುದು?

ಮೊದಲು ಸೆಟ್ಟಿಂಗ್ಸ್‌ನ 'ವಿಂಡೋಸ್ ಅಪ್‌ಡೇಟ್' ನೋಡಿ. ವಿಂಡೋಸ್ 11ರಲ್ಲಿ 'ಅಡ್ವಾನ್ಸ್ಡ್ ಆಪ್ಷನ್ಸ್' ಒಳಗಿನ 'ಆಪ್ಷನಲ್ ಅಪ್‌ಡೇಟ್ಸ್'ನಲ್ಲಿ ಡ್ರೈವರ್‌ಗಳ ಪಟ್ಟಿ ಇರುತ್ತದೆ. ಅಲ್ಲಿ ಸಿಗದಿದ್ದರೆ ತಯಾರಕರ ಜಾಲತಾಣಕ್ಕೆ ಹೋಗಿ. ಲ್ಯಾಪ್‌ಟಾಪ್ ಆದರೆ ಅದರ ಕಂಪನಿಯ ಪುಟದಲ್ಲಿ ಮಾದರಿಯ ಹೆಸರು ಕೊಟ್ಟು ಹುಡುಕಿ. ಜೋಡಿಸಿದ ಡೆಸ್ಕ್‌ಟಾಪ್ ಆದರೆ ಮದರ್‌ಬೋರ್ಡ್ ಹೆಸರು ಬೇಕು. 'ಸಿಸ್ಟಂ ಇನ್ಫರ್ಮೇಶನ್' ತೆರೆದರೆ 'ಬೇಸ್‌ಬೋರ್ಡ್ ಪ್ರಾಡಕ್ಟ್' ಸಾಲಿನಲ್ಲಿ ಸಿಗುತ್ತದೆ.

'ನಿಮ್ಮ 40 ಡ್ರೈವರ್‌ಗಳು ಹಳತಾಗಿವೆ' ಎಂದು ಹೆದರಿಸುವ ಜಾಹೀರಾತುಗಳನ್ನು ಮುಟ್ಟಲೇಬೇಡಿ. ಡ್ರೈವರ್ ಎಂಬುದು ವಿಂಡೋಸ್‌ನ ಒಳಮನೆಗೇ ಪ್ರವೇಶ ಪಡೆಯುವ ತಂತ್ರಾಂಶ. ಗುರುತಿಲ್ಲದವರಿಂದ ತಂದು ಹಾಕುವಂಥದ್ದಲ್ಲ.

ಹಾಕುವಾಗ

ಒಂದು ಹಾಕಿ, ರೀಸ್ಟಾರ್ಟ್ ಮಾಡಿ, ಪರೀಕ್ಷಿಸಿ, ಆಮೇಲೆ ಮುಂದಿನದು. ಒಟ್ಟಿಗೆ ಐದು ಹಾಕಿದರೆ ತೊಂದರೆ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ. ವೈಫೈ ಡ್ರೈವರ್ ಬದಲಿಸುವ ಮುನ್ನ ಈಗಿರುವ ಆವೃತ್ತಿಯ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ನೆಟ್ ಹೋದ ಮೇಲೆ ಡೌನ್‌ಲೋಡ್ ಮಾಡುವುದೆಲ್ಲಿಂದ? ತಯಾರಕರ ಪುಟದಲ್ಲಿ ಬಯಾಸ್ (ಕಂಪ್ಯೂಟರನ್ನು ಶುರು ಮಾಡಿಸುವ ಮೂಲ ತಂತ್ರಾಂಶ) ಅಪ್‌ಡೇಟ್ ಕೂಡ ಕಾಣಬಹುದು. ಅದು ಡ್ರೈವರ್ ಅಲ್ಲ, ನಡುವೆ ಕರೆಂಟ್ ಹೋದರೆ ಕಂಪ್ಯೂಟರ್ ಏಳದೇ ಹೋಗಬಹುದು. ಡ್ರೈವರ್ ಕೆಲಸದ ಜೊತೆ ಅದನ್ನು ಸೇರಿಸಿ ಮಾಡಬೇಡಿ.

ಕೈಕೊಟ್ಟರೆ

ಅದೇ 'ಡ್ರೈವರ್' ಟ್ಯಾಬ್‌ನಲ್ಲಿ 'ರೋಲ್ ಬ್ಯಾಕ್ ಡ್ರೈವರ್' ಒತ್ತಿದರೆ ಹಿಂದಿನದು ಮರಳುತ್ತದೆ. ಆ ಬಟನ್ ಮಸುಕಾಗಿದ್ದರೆ ರಿಸ್ಟೋರ್ ಪಾಯಿಂಟ್ ಬಳಸಿ. ಪರದೆಯೇ ಕಪ್ಪಾಯಿತೆ? ಕಂಪ್ಯೂಟರ್ ಶುರುವಾಗುವ ಹೊತ್ತಿಗೇ ಪವರ್ ಬಟನ್ ಒತ್ತಿ ಹಿಡಿದು ಆರಿಸಿ. ಹೀಗೆ ಎರಡು ಮೂರು ಬಾರಿ ಮಾಡಿದರೆ ರಿಕವರಿ ಪರದೆ ಬರುತ್ತದೆ. 'ಟ್ರಬಲ್‌ಶೂಟ್', 'ಅಡ್ವಾನ್ಸ್ಡ್ ಆಪ್ಷನ್ಸ್', 'ಸ್ಟಾರ್ಟಪ್ ಸೆಟ್ಟಿಂಗ್ಸ್' ದಾಟಿ, ರೀಸ್ಟಾರ್ಟ್ ಆದ ಮೇಲೆ 4 ಒತ್ತಿದರೆ ಸೇಫ್ ಮೋಡ್, ಅಂದರೆ ಅತ್ಯಗತ್ಯ ಡ್ರೈವರ್‌ಗಳಷ್ಟೇ ಓಡುವ ಸ್ಥಿತಿ. ಅಲ್ಲಿಂದ ರೋಲ್ ಬ್ಯಾಕ್ ಮಾಡಿ. ವಿಂಡೋಸ್ ಅಪ್‌ಡೇಟ್ ಅದೇ ಡ್ರೈವರನ್ನು ಮತ್ತೆ ತಂದು ಹಾಕದಂತೆ ಒಂದೆರಡು ವಾರ 'ಪಾಸ್ ಅಪ್‌ಡೇಟ್ಸ್' (Pause updates) ಆನ್ ಮಾಡಿಡಿ.