ಹಳೆಯ ಗೋದಾಮಿನಲ್ಲಿ ಬೇಳೆ ಘಟಕ ಹಾಕುವವರಿಗೆ

ಕಲಬುರಗಿ ಜಿಲ್ಲೆಯ ಚಿತ್ತಾಪುರ, ಸೇಡಂ ಕಡೆಯ ಹಳ್ಳಿಗಳಲ್ಲಿ ಪಾಳು ಬಿದ್ದಿರುವ ಕಲ್ಲಿನ ಗೋದಾಮುಗಳಲ್ಲಿ ಸಣ್ಣ ತೊಗರಿಬೇಳೆ ಘಟಕ ಆರಂಭಿಸಬೇಕೆಂದಿರುವವರು ಯಂತ್ರದ ದರ ವಿಚಾರಿಸುವ ಮೊದಲು ದಯವಿಟ್ಟು ಕಾಗದಪತ್ರ ಸರಿಮಾಡಿಕೊಳ್ಳಿ. ಕಟ್ಟಡವು ಗ್ರಾಮಠಾಣದೊಳಗಿದ್ದರೆ (ಊರಿನ ವಸತಿ ಜಾಗದೊಳಗೆ) ಪಂಚಾಯಿತಿಯಿಂದ ಇ-ಸ್ವತ್ತಿನ, ಅಂದರೆ ಗ್ರಾಮದ ಆಸ್ತಿಗಳ ಆನ್‌ಲೈನ್ ದಾಖಲೆಯ, ನಮೂನೆ 9 ಮತ್ತು 11ಎ ಪಡೆಯಿರಿ. ಹೊಲದಲ್ಲಿದ್ದರೆ 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಮಿನಡಿ ಭೂಪರಿವರ್ತನೆಯ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವ) ವಿಷಯವನ್ನು ತಹಸೀಲ್ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಿ. ಇವಿಲ್ಲದೆ ಬ್ಯಾಂಕ್ ಸಾಲ ಕಷ್ಟ.

ನನ್ನ ದೃಷ್ಟಿಯಲ್ಲಿ ಹೆಚ್ಚಿನ ಗಮನ ಬೇಕಾದದ್ದು ಅಡಿಪಾಯಕ್ಕೆ. ನಮ್ಮ ಎರೆಭೂಮಿ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ, ಹಳೆಯ ಗೋಡೆಗೆ ತಾಗಿಸಿ ಯಂತ್ರ ಕೂಡಿಸಿದರೆ ಅದರ ಅದುರುವಿಕೆಗೆ ಗೋಡೆಯ ಬಿರುಕು ಇನ್ನಷ್ಟು ಅಗಲವಾಗುತ್ತದೆ. ಆದ್ದರಿಂದ ಯಂತ್ರಕ್ಕೆ ಗೋಡೆಯಿಂದ ದೂರದಲ್ಲಿ ಪ್ರತ್ಯೇಕ ಕಾಂಕ್ರೀಟ್ ಕಟ್ಟೆಯನ್ನೇ ಕಟ್ಟಿಸಿ. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಗಿಲಾವು ಬೇಡ, ತೇವ ಒಳಗೇ ಉಳಿದು ಗಾರೆ ಉದುರುತ್ತದೆ. ಛಾವಣಿಗೆ ಹಾಸಿದ ಶಹಾಬಾದ್ ಪರಸಿಯ (ಚಪ್ಪಡಿ ಕಲ್ಲಿನ) ಸಂದುಗಳನ್ನು ಮಳೆಗಾಲಕ್ಕೆ ಮುಂಚೆಯೇ ತುಂಬಿಸಿ, ಏಕೆಂದರೆ ತೇವ ತಗುಲಿದ ತೊಗರಿಗೆ ಬೂಸು ಹಿಡಿಯುತ್ತದೆ. ನೆಲದ ಪರಸಿ ಗಟ್ಟಿಯಾಗಿದ್ದರೆ ಕೀಳಿಸಬೇಡಿ.

ಮೂರು ಫೇಸ್ ಸಂಪರ್ಕಕ್ಕೆ ವಿದ್ಯುತ್ ಕಂಪನಿ ಜೆಸ್ಕಾಂನಲ್ಲಿ ಅರ್ಜಿ ಕೊಡುವಾಗಲೇ ಊರಿನ ಟ್ರಾನ್ಸ್‌ಫಾರ್ಮರ್ ಆ ಭಾರ ತಾಳುವುದೇ ಎಂದು ಲಿಖಿತವಾಗಿ ಕೇಳಿ.