ಲೂಪನ್ನು ಕಾಗದದ ಮೇಲೆ ಓಡಿಸಿ ಕಲಿತದ್ದು

ಪ್ರೋಗ್ರಾಮಿಂಗ್ ಕಲಿಯುವಾಗ ಇಫ್ (ಹೀಗಿದ್ದರೆ), ಎಲ್ಸ್ (ಇಲ್ಲದಿದ್ದರೆ), ವೈಲ್ (ಷರತ್ತು ನಿಜವಿರುವವರೆಗೆ ಮತ್ತೆ ಮತ್ತೆ) ಬರೆಯುವ ರೀತಿ ನನಗೆ ಬೇಗ ಕೈಹತ್ತಿತು. ಆದರೆ ಅವು ಒಳಗೆ ಹೇಗೆ ನಡೆಯುತ್ತವೆ ಎಂಬುದು ಕಣ್ಣಿಗೆ ಕಟ್ಟಿದ್ದು, ರನ್ ಮಾಡುವ ಮೊದಲು ಕೋಡನ್ನು ಕಾಗದದ ಮೇಲೆ ನಾನೇ ಸಾಲುಸಾಲಾಗಿ ನಡೆಸಿ ನೋಡತೊಡಗಿದ ಮೇಲೆ.

ಷರತ್ತುಗಳಿಗಾಗಿ ಅಧಿಕ ವರ್ಷದ ಲೆಕ್ಕ ಹಿಡಿದೆ. 4ರಿಂದ ಭಾಗವಾದರೆ ಅಧಿಕ ವರ್ಷ, 100ರಿಂದಲೂ ಆದರೆ ಅಲ್ಲ, 400ರಿಂದ ಆದರೆ ಮತ್ತೆ ಹೌದು. ಇದೇ ಕ್ರಮದಲ್ಲಿ ಇಫ್, ಎಲಿಫ್ (ಅದಲ್ಲದಿದ್ದರೆ ಮುಂದಿನ ಷರತ್ತು) ಬರೆದರೆ 1900 ಮೊದಲ ಷರತ್ತಿನಲ್ಲೇ ಪಾಸಾಗಿಬಿಡುತ್ತದೆ. ಒಂದು ಷರತ್ತು ನಿಜವಾದರೆ ಕೆಳಗಿನವುಗಳ ಕಡೆ ಕಂಪ್ಯೂಟರ್ ನೋಡುವುದೇ ಇಲ್ಲ. ಆದ್ದರಿಂದ 400, 100, 4 ಎಂದು ಇಳಿದು ಬರಬೇಕು. 2000, 1900, 2024, 2023 ಹಾಕಿ ನೋಡಿದರೆ ನಾಲ್ಕೂ ದಾರಿಗಳ ಪರೀಕ್ಷೆ ಮುಗಿಯುತ್ತದೆ.

ಲೂಪಿಗೆ, ಅಂದರೆ ಅವೇ ಸಾಲುಗಳನ್ನು ಮತ್ತೆ ಮತ್ತೆ ನಡೆಸುವುದಕ್ಕೆ, ನನಗೆ ಬಹಳ ಹಿಡಿಸಿದ್ದು ಕೊಲಾಟ್ಸ್ ಲೆಕ್ಕ. ಸಂಖ್ಯೆ ಸಮವಾದರೆ ಅರ್ಧ ಮಾಡಬೇಕು, ಬೆಸವಾದರೆ ಮೂರು ಪಟ್ಟು ಮಾಡಿ ಒಂದು ಕೂಡಿಸಬೇಕು, 1 ಬಂದಾಗ ನಿಲ್ಲಿಸಬೇಕು. 6ರಿಂದ ಹೊರಟರೆ 3, 10, 5, 16, 8, 4, 2, 1. ಸುತ್ತು ಎಂಟು, ಆದರೆ ‘ಸಂಖ್ಯೆ 1 ಅಲ್ಲ’ ಎಂಬ ವೈಲ್ ಷರತ್ತಿನ ತಪಾಸಣೆ ಒಂಬತ್ತು ಬಾರಿ. ಕೊನೆಯದು ಸುಳ್ಳಾದದ್ದರಿಂದಲೇ ಲೂಪ್ ನಿಂತಿತು. 1ರಿಂದಲೇ ಹೊರಟರೆ ಒಳಗಿನ ಸಾಲುಗಳು ಒಮ್ಮೆಯೂ ನಡೆಯುವುದಿಲ್ಲ.

ಎಲ್ಸ್ ತೆಗೆದು ಅಲ್ಲಿ ‘ಬೆಸವಾದರೆ’ ಎಂಬ ಇನ್ನೊಂದು ಇಫ್ ಇಟ್ಟರೆ? ನೋಡಲು ಎರಡೂ ಒಂದೇ. ಕಾಗದದ ಮೇಲೆ ನಡೆಸಿ: 2 ಅರ್ಧವಾಗಿ 1 ಆಗುತ್ತದೆ, ಅದೇ ಸುತ್ತಿನಲ್ಲಿ ಎರಡನೇ ಇಫ್ ಆ 1ನ್ನು ಬೆಸವೆಂದು ಹಿಡಿದು 4 ಮಾಡುತ್ತದೆ. ವೈಲ್ ನೋಡುವ ಹೊತ್ತಿಗೆ 1 ಇಲ್ಲವೇ ಇಲ್ಲ. 4, 2, ಮತ್ತೆ 4... ಲೂಪ್ ನಿಲ್ಲುವುದೇ ಇಲ್ಲ. ಎಲ್ಸ್ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಫಾರ್ ಬೇಕೋ ವೈಲ್ ಬೇಕೋ ಎಂಬುದೂ ಇಲ್ಲೇ ತಿಳಿಯಾಯಿತು. ಸುತ್ತು ಎಷ್ಟೆಂದು ಮೊದಲೇ ಗೊತ್ತಿದ್ದರೆ, ಎಣಿಸಿ ನಡೆಸುವ ಲೂಪಾದ ಫಾರ್. ಇಲ್ಲಿ ಅದು ಗೊತ್ತಿಲ್ಲ: 27ರಿಂದ ಹೊರಟರೆ 9232ರವರೆಗೆ ಏರಿ, 1 ಮುಟ್ಟಲು 111 ಹೆಜ್ಜೆ ಬೇಕು. ಯಾವ ಸಂಖ್ಯೆಯಿಂದ ಹೊರಟರೂ 1 ಬಂದೇ ಬರುತ್ತದೆ ಎಂದು ಗಣಿತಜ್ಞರು ಇನ್ನೂ ಸಾಧಿಸಿಲ್ಲ.

27ಕ್ಕೆ ನಾನೂ ಕಾಗದ ಬಿಟ್ಟು, ಲೂಪಿನೊಳಗೆ ಪ್ರತಿ ಸುತ್ತಿನ ಸಂಖ್ಯೆಯನ್ನು ಪರದೆಯ ಮೇಲೆ ತೋರಿಸುವ ಒಂದು ಪ್ರಿಂಟ್ ಸಾಲು ಹಾಕುತ್ತೇನೆ. ಉಳಿದ ಲೂಪುಗಳಿಗೆ ಮೊದಲ ಎರಡು ಸುತ್ತು, ಕೊನೆಯ ಒಂದು ಸುತ್ತು ಕೈಯಲ್ಲಿ ಬರೆದರೆ ಸಾಕು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ range(1, 10) ಎಂದು ಬರೆದ ಸಂಖ್ಯೆಗಳ ಸಾಲು 10ಕ್ಕಲ್ಲ, 9ಕ್ಕೇ ನಿಲ್ಲುವುದು ಆ ಕೊನೆಯ ಸುತ್ತಿನಲ್ಲೇ ಕಾಣುತ್ತದೆ.